ಮುಂದೇನೆಂಬ ಕುತೂಹಲವೂ ಮರುಕವೂ

ಕಥೆಯನ್ನು ಕೇಳುವವನು ಮುಂದೇನಾಯಿತೆಂದು ಕೇಳುವುದು ಸಹಜ. ಅಜ್ಜಿಯ ಮಡಿಲಿನ ಮಗುವೂ ಹಾಗೆ ಕೇಳುತ್ತದೆ, ಶಾಸ್ತ್ರವನ್ನೋದಿದ ವೃದ್ಧನೂ ಹಾಗೆಯೇ ಕೇಳುತ್ತಾನೆ. ಈ ಕುತೂಹಲವಿಲ್ಲದಿದ್ದರೆ ಕಥೆಯೇ ನಿಲ್ಲದು. ಆದರೆ ಕಥೆಯೊಳಗೆ ಒಂದು ಜೀವದ ಸಂಕಟವಿರುವಾಗ, ಅದರ ಅಂತ್ಯವನ್ನು ಎಲ್ಲರಿಗಿಂತ ಮೊದಲೇ ಊಹಿಸಿ ಗೆಲ್ಲಬೇಕೆಂಬ ಹಂಬಲವು ಆ ಸಂಕಟವನ್ನು ಕಾಣುವ ಕಣ್ಣನ್ನು ಮಸುಕುಗೊಳಿಸುವುದಿಲ್ಲವೇ? ಇದು ವಿಚಾರಾರ್ಹವಾದ ಪ್ರಶ್ನೆ.

ಅಮೇರಿಕಾದಲ್ಲಿ 1990ನೆಯ ಇಸವಿ ಏಪ್ರಿಲ್ 8ರಂದು ‘ಟ್ವಿನ್ ಪೀಕ್ಸ್’ ಎಂಬ ಟೆಲಿವಿಷನ್ ಧಾರಾವಾಹಿಯು ಆರಂಭವಾಯಿತು. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಅದರ ಕರ್ತೃಗಳು. ಕಾಡಿನ ನಡುವಣ ಒಂದು ಕಲ್ಪಿತ ಊರು. ನೀರಿನ ದಡದಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಲಾರಾ ಪಾಮರ್ ಎಂಬ ವಿದ್ಯಾರ್ಥಿನಿಯ ಶವ. ವಿಚಾರಣೆಗೆ ಬಂದ ಡೇಲ್ ಕೂಪರ್ ಎಂಬ ಅಧಿಕಾರಿ ತನ್ನ ಕನಸುಗಳನ್ನೂ ಸಾಕ್ಷ್ಯವೆಂದೇ ಎಣಿಸುವವನು. ಕೆಂಪು ತೆರೆಗಳ ಕೋಣೆಯೂ ಬಾಬ್ ಎಂಬ ದುಷ್ಟಶಕ್ತಿಯೂ ಕಥೆಯಲ್ಲಿ ಸೇರಿದುವು. ಮೊದಲ ಕಂತನ್ನು 3 ಕೋಟಿಗೂ ಮಿಕ್ಕ ಜನ ನೋಡಿದರು. ಲಾರಾಳನ್ನು ಕೊಂದವರಾರೆಂಬುದು ದೇಶದ ಮಾತಾಯಿತು. ಜನರು ಕಂತುಗಳನ್ನು ವಿಡಿಯೋ ಟೇಪಿನಲ್ಲಿ ಹಿಡಿದಿಟ್ಟು, ಮರಳಿ ಮರಳಿ ನೋಡಿ ಸುಳಿವುಗಳನ್ನು ಹುಡುಕಿದರು.

ಈ ರಹಸ್ಯವನ್ನು ಬೇಗನೆ ಬಿಡಿಸುವ ಉದ್ದೇಶ ಕರ್ತೃಗಳಿಗಿರಲಿಲ್ಲ. ಆದರೆ ಉತ್ತರವನ್ನು ಹೇಳಬೇಕೆಂದು ಪ್ರಸಾರ ಸಂಸ್ಥೆಯಾದ ಏ.ಬಿ.ಸಿ. ಒತ್ತಾಯಿಸಿತು. 1990ರ ನವೆಂಬರ್ 10ರಂದು ಕೊಲೆಗಾರನಾರೆಂಬುದು ಪ್ರಕಟವಾಯಿತು. ಆಮೇಲೆ ನೋಡುವವರ ಆಸಕ್ತಿ ಇಳಿಯುತ್ತ ಹೋಗಿ, 1991ರ ಜೂನ್ 10ರಂದು ಆ ಪ್ರಸಾರವು ಮುಗಿಯಿತು. ಬೇಡಿದ ಉತ್ತರ ಕೈಗೆ ಬಂದೊಡನೆ ಬೇಡಿದವರೇ ಎದ್ದು ಹೋದರು.

ಆ ಉತ್ತರವಾದರೂ ಎಂತಹುದು? ಕೊಂದವನು ಲಾರಾಳ ತಂದೆಯೇ. ಬಾಬ್ ಎಂಬ ಶಕ್ತಿಯು ಅವನನ್ನು ಆವರಿಸಿತ್ತೆಂದು ಕಥೆ ಹೇಳುತ್ತದೆ. ಆದರೆ ತಂದೆಯೊಬ್ಬನು ತನ್ನ ಮಗಳನ್ನು ಕೆಡಿಸಿ ಕೊಂದನೆಂದು ನಂಬುವುದಕ್ಕಿಂತ ದೆವ್ವವನ್ನು ನಂಬುವುದು ಸುಲಭವೇ ಎಂಬ ಪ್ರಶ್ನೆಯನ್ನೂ ಕಥೆಯ ಪಾತ್ರಗಳ ಬಾಯಿಂದಲೇ ಕೇಳಿಸುತ್ತದೆ. ಆ ಹುಡುಗಿ ತನ್ನ ಮನೆಯಲ್ಲಿಯೇ, ಬಾಗಿಲ ಹಿಂದೆ, ವರ್ಷಗಟ್ಟಲೆ ಹೆದರಿ ಬದುಕಿದ್ದಳು. ಅವಳ ದಿನಚರಿಯ ರೂಪದ ಪುಸ್ತಕವೊಂದು 1990ರಲ್ಲಿಯೇ ಪ್ರಕಟವಾಗಿತ್ತು. ಆ ಭಯವೆಲ್ಲ ಅದರಲ್ಲಿತ್ತು. ಕೊಲೆಗಾರನ ಹೆಸರನ್ನೇ ಅರಸುತ್ತ ಹಾಳೆ ಮಗುಚುವವನಿಗೆ ಅದೊಂದು ಸುಳಿವಿನ ಕಟ್ಟು; ನಿಧಾನವಾಗಿ ಓದುವವನಿಗೆ ಅದು ಮಗುವೊಂದರ ಅಳು.

ಇಲ್ಲಿ ಒಂದು ಆಕ್ಷೇಪವುಂಟು. ಲಾರಾ ಕಲ್ಪಿತಳು, ಕಲ್ಪಿತಳ ವಿಷಯದಲ್ಲಿ ಊಹೆ ಕಟ್ಟಿದರೆ ಯಾರಿಗೆ ನೋವು? ಊಹಿಸುವವನು ಕಥೆಯನ್ನು ಶ್ರದ್ಧೆಯಿಂದಲೇ ನೋಡುತ್ತಾನಲ್ಲವೇ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಕಲ್ಪಿತಳಿಗೆ ನೋವಿಲ್ಲ, ಊಹೆಯೂ ಬುದ್ಧಿಯ ಒಂದು ವ್ಯಾಯಾಮವೇ. ಆದರೆ ದೋಷವಿರುವುದು ಊಹೆಯಲ್ಲಲ್ಲ, ಊಹೆಯೊಂದೇ ಉಳಿಯುವ ಅಭ್ಯಾಸದಲ್ಲಿ. ಕಥೆಯ ಮುಂದೆ ಕುಳಿತು ರೂಢಿಸಿಕೊಂಡ ಮನಸ್ಸೇ ನೆರೆಮನೆಯ ಅಂಗಳಕ್ಕೂ ಹೋಗುತ್ತದೆ. ಬೀದಿಯಲ್ಲಿ ಎಳೆಯ ಹೆಣ್ಣುಮಗಳೊಬ್ಬಳು ತೀರಿಕೊಂಡಾಗ ಕಟ್ಟೆಯ ಮೇಲಿನ ಮೊದಲ ಮಾತು ಯಾವುದು? “ಏನಾಗಿತ್ತಂತೆ? ಯಾರ ಕೈವಾಡವಂತೆ?” ಎಂಬುದೇ ಹೊರತು, ಆಕೆಯ ತಾಯಿ ಉಂಡಳೇ ಎಂಬುದಲ್ಲ. ಅವಳು ಬದುಕಿದ್ದಾಗ ಆ ಮನೆಯ ಮೌನವನ್ನು ಗಮನಿಸಿದವರೆಷ್ಟು ಮಂದಿ? ಸತ್ತ ಮೇಲೆ ಸುಳಿವು ಹುಡುಕುವ ಚುರುಕುತನದಲ್ಲಿ ಕಾಲುಭಾಗವು ಮೊದಲೇ ಇದ್ದಿದ್ದರೆ ಅವಳು ಉಳಿಯುತ್ತಿದ್ದಳೋ ಏನೋ.

ಧಾರಾವಾಹಿಯ ಕೊನೆಯ ಕಂತಿನಲ್ಲಿ ಕೂಪರನನ್ನೇ ಆ ದುಷ್ಟಶಕ್ತಿ ಹಿಡಿದಂತೆ ತೋರಿಸಲಾಗಿತ್ತು. ಅವನ ಗತಿ ಮುಂದೇನೆಂಬ ಕುತೂಹಲ ಉಳಿದಿತ್ತು. ಆದರೆ 1992ರಲ್ಲಿ ಲಿಂಚರು ಚಲನಚಿತ್ರವೊಂದನ್ನು ತೆಗೆದಾಗ ಮುಂದಕ್ಕೆ ಹೋಗಲಿಲ್ಲ. ಹಿಂದಿರುಗಿ, ಲಾರಾ ಬದುಕಿದ್ದ ಕೊನೆಯ ಏಳು ದಿನಗಳನ್ನು ಚಿತ್ರದ ಹೃದಯವಾಗಿಸಿದರು. ಕೊಂದವನಾರೆಂಬುದು ಎಲ್ಲರಿಗೂ ತಿಳಿದಿದ್ದುದರಿಂದ ಊಹೆಗೆ ಅಲ್ಲಿ ಎಡೆಯೇ ಇರಲಿಲ್ಲ. ಉಳಿದುದು ಅವಳ ನೋವು ಮಾತ್ರ. ತಾಯ್ನಾಡಿನಲ್ಲಿ ಆ ಚಿತ್ರವನ್ನು ಆಗ ಹೆಚ್ಚು ಜನ ಮೆಚ್ಚಲಿಲ್ಲ. ವರ್ಷಗಳು ಕಳೆದ ಮೇಲೆ ಅದರ ಬೆಲೆಯನ್ನು ಕಂಡವರು ಹಲವರು. 2017ರಲ್ಲಿ 18 ಕಂತುಗಳಾಗಿ ಕಥೆ ಮರಳಿ ಬಂದು, ಒಂದು ಪ್ರಶ್ನೆಯಿಂದಲೂ ಒಂದು ಚೀತ್ಕಾರದಿಂದಲೂ ಮುಗಿಯಿತು. ಲಿಂಚರು 2025ರ ಜನವರಿಯಲ್ಲಿ ತೀರಿಕೊಂಡರು. ಆ ಪ್ರಶ್ನೆಗೆ ಅವರು ಉತ್ತರವನ್ನು ಕೊಟ್ಟುಹೋಗಲಿಲ್ಲ.

ಆದಕಾರಣ ಕುತೂಹಲವನ್ನು ಕೊಲ್ಲಬೇಕಾಗಿಲ್ಲ. ಅದಕ್ಕೊಂದು ಜೊತೆಯನ್ನು ಕೊಡಬೇಕು. ಸಂಜೆ ಮನೆಮಂದಿಯೆಲ್ಲ ಕುಳಿತು ಯಾವುದೋ ಧಾರಾವಾಹಿಯನ್ನು ನೋಡುತ್ತ, ನಾಳೆ ಏನಾದೀತೆಂದು ತರ್ಕಿಸುವರು. ತರ್ಕಿಸಲಿ. ಅದರ ನಡುವೆ ಹಿರಿಯರೊಬ್ಬರು ಮಕ್ಕಳನ್ನು, “ಈ ಹೊತ್ತು ಆ ಹುಡುಗಿಗೆ ಹೇಗನ್ನಿಸಿರಬಹುದು?” ಎಂದು ಒಮ್ಮೆ ಕೇಳಿದರೆ ಸಾಕು. ಮುಂದೇನೆಂಬುದನ್ನು ನಾಳೆಯ ಕಂತು ಹೇಗೂ ಹೇಳುತ್ತದೆ. ಈ ಪ್ರಶ್ನೆಗೆ ಉತ್ತರವನ್ನು ನೋಡುವವರೇ ಹುಡುಕಬೇಕು.