ತಳದಲ್ಲಿ ತೂತಿಲ್ಲದ ಡಬ್ಬಿ

ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ನಾನು ಪಂಡಿತನಲ್ಲ, ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ನಮ್ಮದು ಕಲಬುರಗಿಯಲ್ಲಿ ಮಾಳಿಗೆ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಅಂಗಳವಿಲ್ಲ. ಬಿಸಿಲು ಬರುವ ಕಿಟಕಿ ಒಂದೇ. ದೀಕ್ಷೆಗೆ ಮುಂಚೆ ನಮ್ಮ ಮನೆಗೆ ಲಿಂಬೆಹಣ್ಣು ಬರುತ್ತಿದ್ದುದು ಅಮಾವಾಸ್ಯೆಗೆ, ದೃಷ್ಟಿ ತೆಗೆಯಲಿಕ್ಕೆ. ಈಗ ಬರುವುದು ಊಟಕ್ಕೆ, ಶರಬತ್ತಿಗೆ. ಈ ಬೇಸಿಗೆಯಲ್ಲಿ ಇಂಡಿ ಕಡೆಯ ನೆಂಟರು ಒಂದು ಚೀಲ ತಂದರು. ಹಿಂಡಿದ ಮೇಲೆ ಉಳಿದ ಬೀಜ ನೋಡಿ, ಒಂದು ಗಿಡ ಮಾಡಿದರೇನು ಅನ್ನಿಸಿತು. ಅಲ್ಲಿಯವರೆಗೆ ತುಳಸಿಯನ್ನೂ ಬೆಳೆಸಿದವನಲ್ಲ. ಪ್ಲಾಸ್ಟಿಕ್ ಡಬ್ಬಿಗೆ ಮಣ್ಣು ತುಂಬಿ ಹತ್ತು ಬೀಜ ಊರಿದೆ. ಬುದ್ಧನ ಮೂರ್ತಿಯ ಪಕ್ಕದ ಕತ್ತಲ ಮೂಲೆಯಲ್ಲಿಟ್ಟು, ದಿನಕ್ಕೆರಡು ಸಲ ನೀರು ಹೊಯ್ದೆ. ಮೂರು ವಾರಕ್ಕೆ ನಾಲ್ಕು ಮೊಳಕೆ ಎದ್ದವು. ಮುಂದಿನ ವಾರ ಬುಡ ಕಪ್ಪಾಗಿ ಒಂದೊಂದೇ ಮಲಗಿದವು. ಕೆಳಗಿನ ಮನೆಯ ಆಯಿ, ‘ನಿನ್ನ ಕೈಗುಣ ಸರಿ ಇಲ್ಲ’ ಅಂದರು. ನಾನೂ ಹೌದೆಂದುಕೊಂಡೆ.

ಅದೇ ವಾರ ಮಗಳ ದ್ವಿತೀಯ ಪಿಯುಸಿ ಫಲಿತಾಂಶ ಬಂತು. ಭೌತಶಾಸ್ತ್ರದಲ್ಲಿ ಫೇಲ್. ಸಿಟ್ಟಿನಲ್ಲಿ ನನ್ನ ಬಾಯಿಂದ ಬಂದ ಮಾತು: ‘ನಮ್ಮ ಹಣೆಬರಹಾನ ಇಷ್ಟು, ಬಿಡು.’

22 ಪ್ರತಿಜ್ಞೆ ತೆಗೆದುಕೊಂಡವನು ನಾನು! ಅವಳು ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಆ ಡಬ್ಬಿ ಎತ್ತಿ ಬಚ್ಚಲಲ್ಲಿ ಬೋರಲು ಹಾಕಿದಳು. ನಾರುವ ನೀರು ಸುರಿಯಿತು. ತಳ ತಿರುಗಿಸಿ ತೋರಿಸಿದಳು. ಒಂದು ತೂತೂ ಇರಲಿಲ್ಲ. ‘ಇದೂ ಹಣೆಬರಹ ಏನಪ್ಪಾ?’

ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ನಿಯಮಗಳ ಬಗ್ಗೆ ಹೇಳುತ್ತಾರೆ. ಋತುಗಳು ಬರುವುದಕ್ಕೆ ಒಂದು ಕ್ರಮ, ಅದು ಋತು ನಿಯಮ. ಬೀಜ ಮರವಾಗಿ, ಮರ ಹಣ್ಣಾಗಿ, ಹಣ್ಣು ಮತ್ತೆ ಬೀಜವಾಗುವುದಕ್ಕೆ ಒಂದು ಕ್ರಮ, ಅದು ಬೀಜ ನಿಯಮ. ಹಾಗೆಯೇ ಸಮಾಜದ ಒಳಿತು ಕೆಡುಕು ನಿಂತಿರುವುದು ಕಮ್ಮ ನಿಯಮದ ಮೇಲೆ, ಮನುಷ್ಯ ಮಾಡುವ ಕುಶಲ ಅಕುಶಲ ಕಾರ್ಯಗಳ ಮೇಲೆ, ದೇವರ ಮೇಲಲ್ಲ. ಬಡವನ ಬಡತನಕ್ಕೆ ಹಿಂದಿನ ಜನ್ಮದ ಪಾಪ ಕಾರಣವೆಂಬ ಮಾತನ್ನು ಅವರು ಒಪ್ಪಲೇ ಇಲ್ಲ. ಈ ಭಾಗವನ್ನು ನಮ್ಮ ಭಾನುವಾರದ ಓದಿನಲ್ಲಿ ಎರಡು ಸಲ ನಾನೇ ಗಟ್ಟಿಯಾಗಿ ಓದಿದ್ದೇನೆ. ಓದಿದ್ದು ಪುಸ್ತಕದಲ್ಲಿತ್ತು, ನಾಲಿಗೆಯ ಮೇಲೆ ಮಾತ್ರ ಹಳೆಯದೇ ಇತ್ತು.

ಅಂಗುತ್ತರ ನಿಕಾಯದಲ್ಲಿ ಬೀಜದ ಹೋಲಿಕೆಯ ಒಂದು ಸುತ್ತವಿದೆ. ಬೇವಿನ ಬೀಜ ಊರಿದರೆ ಮಣ್ಣಿನ ಸಾರ, ನೀರಿನ ಸಾರ ಎಲ್ಲ ಕಹಿಯಾಗುತ್ತದೆ. ಕಬ್ಬು ನೆಟ್ಟರೆ ಸಿಹಿಯಾಗುತ್ತದೆ. ಬೀಜದ ಗುಣ ಎಂಬ ಮಾತನ್ನು ನಮ್ಮ ಮೇಲೆ ಎಷ್ಟು ಸಲ ಎಸೆದಿದ್ದಾರೋ ಲೆಕ್ಕವಿಲ್ಲ, ಹಾಗಾಗಿ ಇದನ್ನು ಮೊದಲು ಓದಿದಾಗ ನನಗೆ ಕಸಿವಿಸಿಯಾಗಿತ್ತು. ಆದರೆ ಇಲ್ಲಿ ಬೀಜವೆಂದರೆ ಹುಟ್ಟಲ್ಲ, ದೃಷ್ಟಿ. ಮಿಥ್ಯಾ ದೃಷ್ಟಿ ಬೇವು, ಸಮ್ಯಕ್ ದೃಷ್ಟಿ ಕಬ್ಬು. ದೃಷ್ಟಿ ತೆಗೆಯುವುದನ್ನು ಬಿಟ್ಟೆ ಎಂದು ಹೆಮ್ಮೆಪಟ್ಟಿದ್ದ ನಾನು, ಮಗಳಲ್ಲಿ ಊರಿದ್ದು ಬೇವು.

ಆ ಸಂಜೆ ಅವಳನ್ನು ಕೂರಿಸಿಕೊಂಡು ಬೈಯದೆ ಕೇಳಿದೆ, ಯಾಕಾಯಿತು? ನಾಲ್ಕು ತಿಂಗಳು ಕಾಲೇಜಿನಲ್ಲಿ ಆ ವಿಷಯಕ್ಕೆ ಪಾಠ ಮಾಡುವವರೇ ಇರಲಿಲ್ಲವಂತೆ. ನನಗೆ ಗೊತ್ತೇ ಇರಲಿಲ್ಲ. ಕಿಟಕಿಯ ಕೋಣೆಯಲ್ಲಿ ನಾನು ಟಿವಿ ಹಚ್ಚುತ್ತಿದ್ದೆ, ಅವಳು ಅಡುಗೆಮನೆಯ ಮಂದ ದೀಪದಲ್ಲಿ ಓದುತ್ತಿದ್ದಳು. ಇದು ಮಾತ್ರ ದಿನಾ ಕಣ್ಣೆದುರೇ ಇತ್ತು.

ಮತ್ತೆ ಬೀಜ ಊರಿದ್ದೇವೆ. ಲಿಂಬೆ ಬೀಜ ಒಣಗಿದರೆ ಮೊಳೆಯುವ ಶಕ್ತಿ ಹೋಗುತ್ತದೆ, ಹಣ್ಣಿನಿಂದ ತೆಗೆದ ಕೂಡಲೇ ಊರಬೇಕು. ಡಬ್ಬಿಯ ತಳಕ್ಕೆ ಕಾದ ಮೊಳೆಯಿಂದ ಐದು ತೂತು ಮಾಡಿದೆ. ಮಣ್ಣಿಗೆ ಮರಳು, ಗೊಬ್ಬರ ಬೆರೆಸಿದೆವು. ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು. ಒಂದು ಬೀಜದಿಂದ ಎರಡು ಸಸಿ ಬಂದಿವೆ. ಲಿಂಬೆಯಲ್ಲಿ ಇದು ಸಾಮಾನ್ಯ, ಬೀಜದೊಳಗೇ ಒಂದಕ್ಕಿಂತ ಹೆಚ್ಚು ಭ್ರೂಣ ಇರುತ್ತವೆ. ಹಣ್ಣು ಕಾಣಲು ಐದಾರು ವರ್ಷವಾದರೂ ಬೇಕು, ಮನೆಯೊಳಗಿನ ಡಬ್ಬಿಯಲ್ಲಿ ಬಿಡದೆಯೂ ಇರಬಹುದು.

ಕಿಟಕಿ ಒಂದೇ ಆದ್ದರಿಂದ ಟಿವಿ ಅಡುಗೆಮನೆಗೆ ಹೋಯಿತು, ಮೇಜು ಕಿಟಕಿಗೆ ಬಂತು. ಮೇಜಿನ ತುದಿಯಲ್ಲಿ ಡಬ್ಬಿ. ಮರುಪರೀಕ್ಷೆ ಹತ್ತಿರ ಬಂದಿದೆ. ನನ್ನ ಜೊತೆ ಅವಳ ಮಾತು ಇನ್ನೂ ಕಡಿಮೆಯೇ. ನಿನ್ನೆ ನಾನು ಚೊಂಬು ಹಿಡಿದು ಹೋದಾಗ ಪುಸ್ತಕದಿಂದ ತಲೆ ಎತ್ತದೆ ಮಣ್ಣಿಗೆ ಬೆರಳಿಟ್ಟು, ‘ಇವತ್ತು ಬ್ಯಾಡಪ್ಪಾ, ಹಸಿ ಅದ’ ಅಂದಳು.

ನಮೋ ಬುದ್ಧಾಯ. ಜೈ ಭೀಮ್.