ಸುಟ್ಟ ಊರು ಮತ್ತೆ ಎದ್ದರೆ ಲೆಕ್ಕ ಮುಗಿಯಿತೇ?

ಬೆಳಗಾವಿಯಿಂದ ಖಾನಾಪುರದ ದಾರಿ ಹಿಡಿದು ನೀವು ಬೀಡಿಗೋ ನಂದಗಡಕ್ಕೋ ಹೋಗಿರಬಹುದು. ಹೆಂಚಿನ ಮನೆಗಳು, ಶಾಲೆ, ಭತ್ತದ ಗದ್ದೆಗಳು. ಈ ಸೀಮೆ ಒಂದು ಕಾಲಕ್ಕೆ ಹೊತ್ತಿ ಉರಿದಿತ್ತೆಂದು ಯಾರಾದರೂ ಹೇಳದ ಹೊರತು ತಿಳಿಯದು.

1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಹತನಾದ. ಡಿಸೆಂಬರಿನಲ್ಲಿ ಕಂಪನಿಯ ಸೈನ್ಯ ಮರಳಿ ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರು. ಯುದ್ಧ ಮುಗಿಯಿತೆಂದು ಗೆದ್ದವರು ಎಣಿಸಿದರು. ಆದರೆ ಸೋತವರ ಮನೆಗಳಲ್ಲಿ ನಿಜವಾದ ಸಂಕಟ ಆರಂಭವಾದದ್ದೇ ಆಮೇಲೆ. ಸೇವೆಗೆಂದು ಕೊಟ್ಟಿದ್ದ ಇನಾಂ ಜಮೀನನ್ನು ಸರಕಾರ ಕಸಿಯಿತು; ಉಳಿದುದರ ಮೇಲೆ ಕಂದಾಯ ಏರಿತು. ಸಂಗೊಳ್ಳಿ ರಾಯಣ್ಣ ಹಾಗೆ ಭೂಮಿ ಕಳೆದುಕೊಂಡವರಲ್ಲಿ ಒಬ್ಬ. 1830ರ ಜನವರಿಯಲ್ಲಿ ಅವನ ದಂಡು ಬೀಡಿಯ ಸರಕಾರಿ ಕಚೇರಿಗೆ ಬೆಂಕಿಯಿಟ್ಟಿತು. ಆ ದಂಡಿನಲ್ಲಿ ಕಾಡಿನ ಸಿದ್ದಿ ಸಮುದಾಯದ ಗಜವೀರನೂ ಇದ್ದ. 1831ರ ಜನವರಿ 26ರಂದು ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಅವನನ್ನು ನಂಬಿಸಿ ಹಿಡಿದುಕೊಟ್ಟವರು ಹೊರಗಿನವರಲ್ಲ, ಇದೇ ಸೀಮೆಯವರು.

1836ರಲ್ಲಿ ಬೆಳಗಾವಿ ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತದ ಕಡತದಲ್ಲಿ ಎಲ್ಲವೂ ಸರಿಹೋಯಿತು. ಆದರೆ ಕಸಿದ ಹೊಲದ ಲೆಕ್ಕವೇನಾಯಿತು? ಅನ್ಯಾಯ ಮಾಡಿದವನು ಬಿದ್ದ ಗೋಡೆಗೆ ಸುಣ್ಣ ಬಳಿದು, "ಹಳೆಯದನ್ನು ಮರೆಯಿರಿ" ಎಂದರೆ ನೀವು ಒಪ್ಪುವಿರಾ? ನಮ್ಮ ಓಣಿಗಳಲ್ಲೂ ಹೀಗೆ ನಡೆಯುತ್ತದೆ. ಅಣ್ಣ ತಂಗಿಯ ಪಾಲು ನುಂಗುತ್ತಾನೆ, ಹಬ್ಬದ ದಿನ ಸೀರೆ ಕಳಿಸುತ್ತಾನೆ, ಸಂಬಂಧ ಕೂಡಿತೆಂದು ಹೇಳಿಕೊಳ್ಳುತ್ತಾನೆ. ತಂಗಿ ಸುಮ್ಮನಿರುತ್ತಾಳೆ. ಆ ಮೌನವನ್ನು ಕ್ಷಮೆಯೆಂದು ಬರೆದುಕೊಳ್ಳುವ ಅಧಿಕಾರ ಅವನಿಗೆ ಯಾರು ಕೊಟ್ಟರು?

ಹಾಗೆಂದು ನೊಂದವನ ಬೆಂಕಿಯೆಲ್ಲ ನ್ಯಾಯವೆಂದು ನಾನು ಹೇಳಲಾರೆ. ಬೆಂಕಿಗೆ ಒಡೆಯನ ಮನೆ ಯಾವುದು, ಆಳಿನ ಗುಡಿಸಲು ಯಾವುದು ಎಂಬ ವಿವೇಚನೆಯಿಲ್ಲ. ಹಕ್ಕನ್ನು ಹಿಂತಿರುಗಿಸುವ ಬಾಗಿಲುಗಳೆಲ್ಲ ಮುಚ್ಚಿದಾಗಲೇ ಜನ ಪಂಜು ಹುಡುಕುತ್ತಾರೆ. ಆದ್ದರಿಂದ ಮೊದಲ ಪ್ರಶ್ನೆ ಬಾಗಿಲು ಮುಚ್ಚಿದವನಿಗೆ.

ಕಿತ್ತೂರಿನ ಅರಮನೆ ಇಂದಿಗೂ ಹಾಳುಗೋಡೆಗಳಾಗಿಯೇ ನಿಂತಿದೆ. ನಂದಗಡ ಮಾತ್ರ ಬದುಕಿತು. ರಾಯಣ್ಣನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಆ ನಂಬಿಕೆಯ ಸರಿತಪ್ಪು ಇಂದಿನ ವಿಷಯವಲ್ಲ. ನೇಣಿನ ನೆನಪಿರುವ ಊರಿನಲ್ಲಿ ಗಾಳಿ ಬಂದಾಗ ಆ ತೊಟ್ಟಿಲುಗಳು ತೂಗುತ್ತಿರುತ್ತವೆ.