ಯುದ್ಧಕಾಲ ಎಂಬ ಮಾತು

ಮಳೆಗಾಲ, ಬರಗಾಲ ಎನ್ನುವ ಹಾಗೆಯೇ ನಾವು ಯುದ್ಧಕಾಲ ಎಂದೂ ಹೇಳುತ್ತೇವೆ. ಮಳೆಗಾಲವನ್ನು ಯಾರೂ ತರುವುದಿಲ್ಲ, ಅದು ಬರುತ್ತದೆ. ಯುದ್ಧವನ್ನು ತರುವವರಿರುತ್ತಾರೆ. ಸುಷಿರವಾದ್ಯಗಳ ಮೇಳವೊಂದು ‘ಯುದ್ಧಕಾಲದ ಸಂಗೀತ’ ಎಂಬ ಹೆಸರಿನಲ್ಲಿ ಕಛೇರಿ ನಡೆಸಿದರೆ ಈ ವ್ಯತ್ಯಾಸ ಏನಾಗುತ್ತದೆ?

ಅಂಥ ಕಛೇರಿಗೆ ಸಹಜವಾಗಿಯೇ ಒದಗುವ ಎರಡು ಕೃತಿಗಳಿವೆ. ಒಂದು, ದಾರಿಯುಸ್ ಮಿಯೊ 1944ರಲ್ಲಿ ರಚಿಸಿದ ‘ಸ್ವೀಟ್ ಫ್ರಾನ್ಸೇಸ್’. ಫ್ರಾನ್ಸಿನ ಯಹೂದಿಯಾದ ಮಿಯೊ 1940ರಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ಹೋಗಿ, ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಕೃತಿಯ ಐದು ಭಾಗಗಳಿಗೂ ಊರುನಾಡುಗಳ ಹೆಸರು: ನಾರ್ಮಂಡಿ, ಬ್ರಿಟನಿ, ಇಲ್-ದ-ಫ್ರಾನ್ಸ್, ಅಲ್ಸಾಸ್-ಲೊರೇನ್, ಪ್ರೊವಾನ್ಸ್. ಕೊನೆಯದು ಅವನ ಹುಟ್ಟುನಾಡು. ತಮ್ಮ ಅಪ್ಪಂದಿರು, ಅಣ್ಣಂದಿರು ಹೋರಾಡುತ್ತಿದ್ದ ನೆಲದ ಜನಪದ ಧಾಟಿಗಳನ್ನು ಅಮೆರಿಕದ ಮಕ್ಕಳು ಕೇಳಲಿ ಎಂಬುದು ಅವನ ಆಸೆ. ಹಾಗಾಗಿಯೇ ಶಾಲೆಯ ಬ್ಯಾಂಡುಗಳ ಕೈಗೆಟುಕುವಂತೆ ಬರೆದ.

ಇನ್ನೊಂದು, ರಿಚರ್ಡ್ ಸ್ಟ್ರೌಸ್ 1944ರಲ್ಲಿ ಆರಂಭಿಸಿ 1945ರಲ್ಲಿ ಮುಗಿಸಿದ, ಹದಿನಾರು ವಾದ್ಯಗಳ ಎರಡನೆಯ ಸೊನಾಟಿನಾ. ಸ್ಟ್ರೌಸ್‌ಗೆ ಆಗ ಎಂಬತ್ತು. ಅವನ ತಂದೆ ಮ್ಯೂನಿಕ್ಕಿನ ಹೆಸರಾಂತ ಹಾರ್ನ್ ವಾದಕ, ಮಗ ಮುಪ್ಪಿನಲ್ಲೂ ಆ ವಾದ್ಯದ ಉಸಿರನ್ನು ಬಲ್ಲ. ಕೃತಿಗೆ ಅವನು ಕೊಟ್ಟ ಹೆಸರು ‘ಉಲ್ಲಾಸದ ಕಾರ್ಯಾಗಾರ’, ಅರ್ಪಣೆ ಮೊಜಾರ್ಟನಿಗೆ. ಮ್ಯೂನಿಕ್ಕಿನ ಒಪೆರಾ ಮನೆ 1943ರ ಅಕ್ಟೋಬರಿನಲ್ಲೇ ಬಾಂಬಿಗೆ ಸುಟ್ಟುಹೋಗಿತ್ತು.

ಎರಡೂ ಉಲ್ಲಾಸದ ಸಂಗೀತವೇ. ಕಿವಿಯೊಂದನ್ನೇ ನಂಬಿದರೆ ಯಾವುದು ದೇಶಭ್ರಷ್ಟನದು, ಯಾವುದು ಹಿಟ್ಲರನ ಆಡಳಿತದಲ್ಲಿ 1933ರಿಂದ 1935ರವರೆಗೆ ಸಂಗೀತ ಮಂಡಳಿಯ ಅಧ್ಯಕ್ಷನಾಗಿದ್ದವನದು ಎಂದು ಹೇಳಲಾಗದು. ನಿಜ ಹೇಳಬೇಕೆಂದರೆ, ನನಗೆ ಸ್ಟ್ರೌಸನ ಕೃತಿಯೇ ಹೆಚ್ಚು ಇಷ್ಟ. ಮಿಯೊನದು ಕೆಲವೆಡೆ ಅವಸರದ ಕೆಲಸದಂತೆ ಕೇಳುತ್ತದೆ. ಸೊನಾಟಿನಾದಲ್ಲಿ ಕ್ಲಾರಿನೆಟ್ಟುಗಳು ಒಂದರ ಮಾತನ್ನು ಇನ್ನೊಂದು ಎತ್ತಿಕೊಂಡು ಮುಂದುವರಿಯುವ ಬಗೆಗೆ ಮನಸ್ಸು ಸೋಲುತ್ತದೆ. ತೊಂದರೆ ಇರುವುದೇ ಅಲ್ಲಿ.

ಸ್ಟ್ರೌಸನನ್ನು ಖಳನಾಗಿಸುವುದು ಸುಲಭ, ಆದರೆ ನ್ಯಾಯವಲ್ಲ. ಯಹೂದಿ ಲೇಖಕ ಸ್ಟೆಫಾನ್ ಜ್ವೈಗ್‌ಗೆ ಬರೆದ ಪತ್ರ ಗುಪ್ತ ಪೊಲೀಸರ ಕೈಸೇರಿ ಅವನು ಆ ಹುದ್ದೆ ಬಿಡಬೇಕಾಯಿತು. ಸೊಸೆ ಆಲಿಸ್ ಯಹೂದಿ. ಅವಳನ್ನೂ ಮೊಮ್ಮಕ್ಕಳನ್ನೂ ಉಳಿಸಿಕೊಳ್ಳಲು ಅವನು ಅಧಿಕಾರಸ್ಥರ ಮುಂದೆ ಬಗ್ಗಿದ. ಅವಳ ಬಂಧುಗಳಲ್ಲಿ ಅನೇಕರು ಕ್ಯಾಂಪುಗಳಲ್ಲಿ ಸತ್ತರು. ಇಷ್ಟೆಲ್ಲ ಗೊತ್ತಿದ್ದ ಮನೆಯಲ್ಲಿ ಈ ಉಲ್ಲಾಸ ಹುಟ್ಟಿತು. ಸೊನಾಟಿನಾದ ಕೊನೆಯ ಭಾಗ ಮಬ್ಬು ಕವಿದ ನಿಧಾನ ಪೀಠಿಕೆಯಿಂದ ತೊಡಗುತ್ತದೆ. ಅಲ್ಲಿ ಯುದ್ಧದ ನೆರಳನ್ನು ಕಾಣುವ ಆಸೆ ನನಗೂ ಆಗಿದೆ. ಆದರೆ ಅದು ನಮ್ಮ ಸಮಾಧಾನಕ್ಕೆ ನಾವು ಹುಡುಕಿಕೊಳ್ಳುವ ಸಾಕ್ಷಿ. ಚಂದದ ಸಂಗೀತ ಬರೆದವನ ಒಳಗೂ ಚಂದವಿರಲೇಬೇಕು ಎಂಬ ನಮ್ಮ ಹಟ.

ಹಾಗಾದರೆ ನುಡಿಸಬಾರದೇ? ನುಡಿಸಬೇಕು. ನನ್ನ ತಕರಾರು ಕೃತಿಯ ಮೇಲಲ್ಲ, ಶೀರ್ಷಿಕೆಯ ಮೇಲೆ. ‘ಯುದ್ಧಕಾಲ’ ಎಂಬ ಒಂದೇ ಚಪ್ಪರದಡಿ ಕೂರಿಸಿದ ಕೂಡಲೇ ಇಬ್ಬರೂ ಒಂದೇ ಮಳೆಯಲ್ಲಿ ನೆನೆದವರಾಗುತ್ತಾರೆ. ಒಬ್ಬನನ್ನು ಊರು ಬಿಡಿಸಿದ ಆಡಳಿತದಲ್ಲಿ ಇನ್ನೊಬ್ಬನಿಗೆ ಕುರ್ಚಿಯಿತ್ತು ಎಂಬುದು ಮರೆಯಾಗುತ್ತದೆ. ಕೇಳುಗರ ಸಂತೋಷಕ್ಕೇಕೆ ಭಾರ ಹೇರುವುದು ಎಂದು ಆಯೋಜಕರು ಕೇಳಬಹುದು. ನಾರ್ಮಂಡಿ ಎಂಬ ಹೆಸರನ್ನು ತನ್ನ ಕೃತಿಯ ತಲೆಯ ಮೇಲೆ ಬರೆದಾಗ ಮಿಯೊ ಆ ಭಾರವನ್ನು ಶಾಲಾ ಮಕ್ಕಳಿಗೇ ಕೊಟ್ಟಿದ್ದ. ಅವರು ಅದನ್ನು ಊದಿದರು, ಈಗಲೂ ಊದುತ್ತಿದ್ದಾರೆ.